ಪಟ್ಟಣದ ಹುಲಿ ಕನ್ನಡದಲ್ಲಿ ಕರೆದರೆ ಓಗೊಡುವುದಿಲ್ಲ, ಏಕೆ?

(ಕನ್ನಡ ಯುವಕ ಯುವತಿಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಭಾಷಣಕ್ಕೆ ನಿಂತವರು ಸಾಮಾನ್ಯವಾಗಿ ಫೋನು ಒಳಗಿಡಿ ಅನ್ನುತ್ತಾರೆ. ನಾನು ಹೊರಗೆ ತೆಗೆಯಿರಿ ಅನ್ನುತ್ತೇನೆ. ಇದನ್ನು ಓದುತ್ತಿರುವ ನೀವೂ ತೆಗೆಯಿರಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಜಾಲತಾಣಕ್ಕೆ ಹೋಗಿ. ಅಲ್ಲಿ 12 ಲಕ್ಷಕ್ಕೂ ಹೆಚ್ಚು ವಸ್ತುಗಳ ದಾಖಲೆ ಇದೆ. ಹುಡುಕುವ ಜಾಗದಲ್ಲಿ ಟಿಪ್ಪುವಿನ ಹುಲಿಯನ್ನು ಇಂಗ್ಲಿಷಿನಲ್ಲಿ ಕರೆಯಿರಿ. ಹುಲಿ ಎದ್ದು ಬರುತ್ತದೆ! ಮರದ ಹುಲಿ. ಅದರ ಕಾಲಡಿಯಲ್ಲಿ ಅಂಗಾತ ಬಿದ್ದಿರುವ ಬಿಳಿಯ. ಹಿಡಿ ತಿರುಗಿಸಿದರೆ ಬಿದ್ದವನ ಕೈ ಮೇಲೇಳುತ್ತದೆ, ನರಳುವ ಸದ್ದು ಬರುತ್ತದೆ. ಹುಲಿಯ ಹೊಟ್ಟೆಯೊಳಗೆ ಒಂದು ಪುಟ್ಟ ಆರ್ಗನ್ ವಾದ್ಯ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ಈ ಹುಲಿ ಲಂಡನ್ ಸೇರಿತು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಜನ ಸಾಲುಗಟ್ಟಿ ನೋಡಿದರು. ಇವತ್ತು ಅದರ ದಾಖಲೆ ಸಂಖ್ಯೆ 2545.

ಈಗ ಅದೇ ಜಾಗದಲ್ಲಿ ಕನ್ನಡದ ಅಕ್ಷರಗಳಲ್ಲಿ 'ಶ್ರೀರಂಗಪಟ್ಟಣ' ಎಂದು ಬರೆಯಿರಿ. ಹುಲಿ ಓಗೊಡುವುದಿಲ್ಲ. ಕಾವೇರಿ ನಡುಗಡ್ಡೆಯಲ್ಲಿ ಬಾಳಿದ ಹುಲಿಗೆ ಕನ್ನಡ ಕಿವಿಗೆ ಬೀಳುವುದಿಲ್ಲ!

ಇದಕ್ಕಾಗಿ ಇಂಗ್ಲಿಷಿನವರನ್ನು ಒಂದು ಗಂಟೆ ಬಯ್ದು ಚಪ್ಪಾಳೆ ಗಿಟ್ಟಿಸಿಕೊಂಡು ಹೋಗಬಹುದು. ಅದು ಸುಲಭ. ಟಿಪ್ಪು ಎಂಥವನು ಎಂಬ ಜಗಳ ತೆಗೆದು ಸಂಜೆಯವರೆಗೆ ಕಿತ್ತಾಡಬಹುದು. ಅದಕ್ಕೆ ಬೇರೆ ವೇದಿಕೆಗಳಿವೆ, ಬೇಕಾದಷ್ಟು ಗಂಟಲುಗಳೂ ಇವೆ. ನನ್ನ ಮಾತು ವಸ್ತುಗಳ ಬಗ್ಗೆ, ಅವಕ್ಕೆ ಅಂಟಿಸಿದ ಹೆಸರಿನ ಚೀಟಿಯ ಬಗ್ಗೆ. ಆ ಚೀಟಿಯಲ್ಲಿ ಕನ್ನಡ ಇಲ್ಲ. ಯಾಕಿಲ್ಲ? ಅವರು ಬರೆಯಲಿಲ್ಲ. ನಾವೂ ಬರೆದುಕೊಡಲಿಲ್ಲ.

ಯಂತ್ರ ನೋಡುವುದು ಪಟ್ಟಿಯನ್ನು

ಮ್ಯೂಸಿಯಂ ತನ್ನ ಸಂಗ್ರಹವನ್ನು ಇಂಟರ್‌ನೆಟ್ಟಿಗೆ ಇಡುವುದು ಎಂದರೆ ಫೋಟೋ ತೆಗೆದು ಏರಿಸಿಬಿಡುವುದು ಎಂದು ಬಹಳ ಜನ ತಿಳಿದಿದ್ದಾರೆ. ಫೋಟೋ ಸುಲಭದ ಭಾಗ. ಪ್ರತಿ ವಸ್ತುವಿಗೂ ಒಂದು ದಾಖಲೆ ಬರೆಯಬೇಕು. ಹೆಸರೇನು, ಯಾವುದರಿಂದ ಮಾಡಿದ್ದು, ಯಾವ ಊರು, ಯಾವ ಕಾಲ, ಹೇಗೆ ಬಂತು, ಅಳತೆ ಎಷ್ಟು, ಸಂಖ್ಯೆ ಯಾವುದು. ಕಂಪ್ಯೂಟರು ಈ ದಾಖಲೆಗಳ ಪದಗಳನ್ನೆಲ್ಲ ಹೆಕ್ಕಿ, ಯಾವ ಪದ ಯಾವ ದಾಖಲೆಯಲ್ಲಿದೆ ಎಂಬ ದೊಡ್ಡ ಪಟ್ಟಿಯೊಂದನ್ನು ಮೊದಲೇ ಮಾಡಿಟ್ಟುಕೊಂಡಿರುತ್ತದೆ. ಪುಸ್ತಕದ ಹಿಂದುಗಡೆ ಪದಸೂಚಿ ಇರುತ್ತದಲ್ಲ, ಅದೇ. ನೀವು ಪದ ಬರೆದಾಗ ಅದು ಮ್ಯೂಸಿಯಂನ ಕಪಾಟುಗಳಲ್ಲಿ ಹುಡುಕುವುದಿಲ್ಲ, ಈ ಪಟ್ಟಿಯಲ್ಲಿ ಹುಡುಕುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಇಲ್ಲವೇ ಇಲ್ಲ!

ಚಿತ್ರ ನೋಡಿಯೇ ಗುರುತು ಹಿಡಿಯುವ ಯಂತ್ರಗಳು ಈಗ ಬಂದಿವೆಯಲ್ಲ ಎಂದು ನಿಮ್ಮಲ್ಲಿ ಇಂಜಿನಿಯರಿಂಗ್ ಓದಿದವರು ಕೇಳುತ್ತೀರಿ. ಬಂದಿವೆ, ಸಂತೋಷ. ಚಿತ್ರ ನೋಡಿ ಅದು 'ಹುಲಿ' ಅನ್ನಬಲ್ಲದು. 'ಪಟ್ಟಣದ ಹುಲಿ' ಅನ್ನಬೇಕಾದರೆ ಎಲ್ಲೋ ಯಾರೋ ಒಬ್ಬರು ಅದನ್ನು ಬರೆದಿಟ್ಟಿರಲೇಬೇಕು.

ಒಂದೂರಿಗೆ ಎಷ್ಟು ಹೆಸರು!

ಇನ್ನು ನಮ್ಮ ನಾಲ್ಕು ತಾಲ್ಲೂಕಿಗೆ ಬನ್ನಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ನಿಮ್ಮಲ್ಲಿ ಎಷ್ಟೋ ಜನರ ಅಜ್ಜಿಯ ಮನೆ ಇಲ್ಲೇ ಎಲ್ಲೋ ಇರುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲಿನ ಕಿಟಕಿಯಿಂದಲಾದರೂ ನೋಡಿರುತ್ತೀರಿ.

ಶ್ರೀರಂಗಪಟ್ಟಣವನ್ನು ಇಂಗ್ಲಿಷಿನವರು 'ಸೆರಿಂಗಪಟಂ' ಮಾಡಿದರು. ಅವರ ಮ್ಯೂಸಿಯಂಗಳ ಹಳೆಯ ದಾಖಲೆಗಳಲ್ಲಿ ಈ ಹೆಸರೇ ಕೂತಿದೆ. ಯುದ್ಧ ಗೆದ್ದ ಸಂಭ್ರಮಕ್ಕೆ ಕಂಪನಿ ಒಂದು ಪದಕ ಹೊಡೆಸಿತು. ಒಂದು ಮುಖದಲ್ಲಿ ಸಿಂಹ ಹುಲಿಯನ್ನು ಕೆಡವಿಕೊಂಡಿದೆ. ಚಿನ್ನದಿಂದ ಹಿಡಿದು ತವರದವರೆಗೆ, ದರ್ಜೆಗೆ ತಕ್ಕಂತೆ ಹಂಚಿದ್ದು. ಅದರ ಹೆಸರೇ 'ಸೆರಿಂಗಪಟಂ ಪದಕ'. ಇಂದಿನ ಸರಿಯಾದ ಹೆಸರು ಬರೆದು ಹುಡುಕಿದರೆ ಅದು ತಪ್ಪಿಸಿಕೊಳ್ಳಬಹುದು. ಟಿಪ್ಪುವಿನ ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯಗಳ ಕತೆ ಇನ್ನೊಂದು. ಅವುಗಳ ಮೇಲೆ ಪಾರಸಿ ಲಿಪಿಯಲ್ಲಿರುವುದು 'ಪಟನ್' ಎಂದು. ನೋಡಿ, ಸುತ್ತಲಿನ ಹಳ್ಳಿಯವರು ಇವತ್ತಿಗೂ 'ಪಟ್ನ'ಕ್ಕೆ ಹೋಗಿಬರ್ತೀವಿ ಅನ್ನುತ್ತಾರಲ್ಲ, ನಾಣ್ಯದ ಮೇಲಿರುವುದೂ ಅದೇ ಮಾತು. ಆದರೆ ಯಂತ್ರಕ್ಕೆ ಪಟನ್ ಬೇರೆ, ಸೆರಿಂಗಪಟಂ ಬೇರೆ, ಶ್ರೀರಂಗಪಟ್ಟಣ ಬೇರೆ. ಮೂರೂ ಒಂದೇ ಊರು ಎಂದು ಹೇಳಿಕೊಡುವವರು ಬೇಕು.

ಪಾಂಡವಪುರದ ಗತಿ ಇನ್ನೂ ತಮಾಷೆ. ಹಿರೋಡೆ ಎಂಬುದು ಅದರ ಹಳೆಯ ಹೆಸರು. ಹೈದರ್ ಮತ್ತು ಟಿಪ್ಪುವಿನ ಕಡೆಗಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಹತ್ತಿರ ಬೀಡು ಬಿಟ್ಟಿದ್ದರು, ಅದಕ್ಕೆ ಇಂಗ್ಲಿಷಿನವರ ನಕ್ಷೆಯಲ್ಲಿ ಅದು 'ಫ್ರೆಂಚ್ ರಾಕ್ಸ್'. ಬ್ರಿಟಿಷರ ಕಾಲದ ಒಂದು ಚಿತ್ರವನ್ನೋ ಪತ್ರವನ್ನೋ ಹುಡುಕುವ ಪಾಂಡವಪುರದ ಹುಡುಗನಿಗೆ ಈ ಹೆಸರು ಗೊತ್ತಿಲ್ಲದಿದ್ದರೆ ತನ್ನೂರು ತನಗೇ ಸಿಗುವುದಿಲ್ಲ. ಕೆ.ಆರ್. ಪೇಟೆ 19ನೇ ಶತಮಾನದ ಕೊನೆಯವರೆಗೆ ಅತ್ತಿಕುಪ್ಪೆ. ಇಂದು ಅದನ್ನೇ ಕೃಷ್ಣರಾಜಪೇಟೆ, ಕೆ.ಆರ್. ಪೇಟೆ, ಕೆಆರ್‌ಪೇಟೆ ಎಂದು ಮೂರು ಬಗೆಯಲ್ಲಿ ಬರೆಯುತ್ತೇವೆ. ಹಿತ್ತಾಳೆ ಕೆಲಸಕ್ಕೆ ಹೆಸರಾದ ನಾಗಮಂಗಲ ಒಂದೇ ಪುಣ್ಯವಂತ ಊರು, ಹೆಸರು ಉಳಿಸಿಕೊಂಡಿದೆ. ಇಷ್ಟರ ಮೇಲೆ ಮಂಡ್ಯ ಜಿಲ್ಲೆ ಹುಟ್ಟಿದ್ದೇ 1939ರಲ್ಲಿ. ಅದಕ್ಕೆ ಮೊದಲಿನ ದಾಖಲೆಗಳಲ್ಲಿ ಈ ಊರುಗಳೆಲ್ಲ ಮೈಸೂರು ಜಿಲ್ಲೆಯವು.

ಇದಕ್ಕೆ ಔಷಧ ಇದೆ, ಕಷ್ಟದ್ದೇನಲ್ಲ. ಒಂದು ಊರಿಗೆ ಒಂದು ಸಂಖ್ಯೆ ಕೊಟ್ಟು, ಅದರ ಎಲ್ಲ ಹೆಸರುಗಳನ್ನು ಆ ಸಂಖ್ಯೆಯ ಕೆಳಗೆ ಕಟ್ಟುವುದು. ಅಮೆರಿಕದ ಗೆಟಿ ಸಂಸ್ಥೆ ಪ್ರಪಂಚದ ಊರುಗಳಿಗೆ ಇಂಥದ್ದೊಂದು ಹೆಸರುಕೋಶ ಮಾಡಿ ಮ್ಯೂಸಿಯಂಗಳಿಗೆ ಬಿಟ್ಟುಕೊಟ್ಟಿದೆ. ಯಾವ ಹೆಸರಿನಿಂದ ಕರೆದರೂ ಒಂದೇ ಬಾಗಿಲು ತೆರೆಯುತ್ತದೆ. ನಮ್ಮ ಮಂಡ್ಯ ಜಿಲ್ಲೆಯ ಹಳ್ಳಿಗಳಿಗೆ ಅಂಥ ಕೋಶವನ್ನು ಕನ್ನಡದಲ್ಲಿ ಯಾರು ಮಾಡಬೇಕು? ಕ್ಯಾಲಿಫೋರ್ನಿಯಾದವರು ಬರಬೇಕೇ?

ಕಾಳಿ ಎಂಬ ನಾಯಿಯೂ ಕುಂದಾಚ್ಚಿ ಎಂಬ ಹೆಂಗಸೂ

ಆತಕೂರಿನ ಕಲ್ಲು ನಿಮಗೆ ಗೊತ್ತಿರಬೇಕು. ಊರು ಮದ್ದೂರು ತಾಲ್ಲೂಕಿನದು, ನಮ್ಮ ನಾಲ್ಕು ತಾಲ್ಲೂಕಿನ ನೆರೆಮನೆ. ಕಾಲ 949-50. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಬೂತುಗ ಇಬ್ಬರೂ ಆ ಶಾಸನದಲ್ಲಿದ್ದಾರೆ. ಆದರೆ ಕಲ್ಲಿನ ನಿಜವಾದ ನಾಯಕ ಒಂದು ನಾಯಿ. ಮಣಲೇರ ಎಂಬ ವೀರ ಯುದ್ಧದಲ್ಲಿ ತೋರಿದ ಸಾಹಸಕ್ಕೆ ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಕಬ್ಬನ್ ಪಾರ್ಕಿಗೆ ನಾಯಿ ಕರೆದುಕೊಂಡು ಹೋಗುವ ನಿಮ್ಮಲ್ಲಿ ಎಷ್ಟು ಜನ ಪಕ್ಕದಲ್ಲೇ ಇರುವ ಕಾಳಿಯನ್ನು ನೋಡಿದ್ದೀರಿ?

ನೋಡಿರದಿದ್ದರೆ ಹುಡುಕಿ. ಹೇಗೆ ಹುಡುಕುತ್ತೀರಿ? ಬಿ.ಎಲ್. ರೈಸ್ ಮೈಸೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 3 ಮತ್ತು 4ನೇ ಸಂಪುಟಗಳಲ್ಲಿ, 1894 ಮತ್ತು 1898ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಆತಕೂರು ಶಾಸನಕ್ಕೆ ಗುರುತು 'ಮಂಡ್ಯ 41'. ಮದ್ದೂರು ಅಲ್ಲ, ಮಂಡ್ಯ! ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದಾಗ ವಿಂಗಡಣೆ ಬದಲಾಯಿತು. 1977ರ 6ನೇ ಸಂಪುಟಕ್ಕೆ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ. 1979ರ 7ನೇ ಸಂಪುಟಕ್ಕೆ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ. ನಮ್ಮ ನಾಲ್ಕು ತಾಲ್ಲೂಕಿನ ಚರಿತ್ರೆಯ ಬೇರು ಈ ಎರಡು ದಪ್ಪ ಪುಸ್ತಕಗಳಲ್ಲಿದೆ. ಹಳೆಯ ಸಂಖ್ಯೆಯನ್ನೂ ಹೊಸ ಸಂಖ್ಯೆಯನ್ನೂ ಊರಿನ ಹೆಸರನ್ನೂ ಒಂದೇ ದಾರದಲ್ಲಿ ಪೋಣಿಸದಿದ್ದರೆ ಹುಡುಕುವವನು ದಾರಿ ತಪ್ಪುತ್ತಾನೆ.

ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯ ತಾಮ್ರಪಟ ಇನ್ನೊಂದು. ರೈಸ್ ಪುಸ್ತಕದಲ್ಲಿ 'ನಾಗಮಂಗಲ 85'. ಗಂಗ ಶ್ರೀಪುರುಷನ ಕಾಲ, 776ನೇ ಇಸವಿ. ಶ್ರೀಪುರದ ಉತ್ತರಕ್ಕೆ ಒಂದು ಜಿನಾಲಯ ಕಟ್ಟಿಸಿದ್ದು ಕುಂದಾಚ್ಚಿ ಎಂಬ ಹೆಂಗಸು ಎಂದು ಅದು ಹೇಳುತ್ತದೆ. ದಾಖಲೆಯಲ್ಲಿ ಬರಿಯ 'ಶ್ರೀಪುರುಷನ ದಾನಶಾಸನ' ಎಂದು ಬರೆದರೆ ರಾಜ ಸಿಗುತ್ತಾನೆ, ಕುಂದಾಚ್ಚಿ ಮುಳುಗುತ್ತಾಳೆ. ದಾಖಲೆ ಬರೆಯುವವನ ಪೆನ್ನು ಯಾರನ್ನು ಉಳಿಸಬೇಕು, ಯಾರನ್ನು ಕೈಬಿಡಬೇಕು ಎಂದು ತೀರ್ಮಾನ ಮಾಡಿಬಿಡುತ್ತದೆ. ಇದು ಬರಿಯ ಕಂಪ್ಯೂಟರ್ ವಿಷಯ ಎಂದುಕೊಂಡವರು ಇದನ್ನು ಸ್ವಲ್ಪ ಯೋಚಿಸಬೇಕು.

ಕನ್ನಡ ಅಂದರೆ ಯಾವ ಕನ್ನಡ?

ಕನ್ನಡದಲ್ಲಿ ಬರೆಯಿರಿ ಎಂದರೆ ಮುಗಿಯಲಿಲ್ಲ. 1990ರ ದಶಕದಲ್ಲಿ ನಮ್ಮ ಅಚ್ಚುಮನೆಗಳಲ್ಲಿ ಕಂಪ್ಯೂಟರ್ ಕನ್ನಡ ಬಂತು. ಒಬ್ಬೊಬ್ಬರದು ಒಂದೊಂದು ಅಕ್ಷರಶೈಲಿ. ಪರದೆಯ ಮೇಲೆ ಮುದ್ದಾದ ಕನ್ನಡ. ಒಳಗೆ ಕಡತದಲ್ಲಿ ಇದ್ದದ್ದು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಕಲಸುಮೇಲೋಗರ. ವೇಷ ಕನ್ನಡದ್ದು, ಮೈ ಬೇರೆಯದು. ಅಂಥ ಕಡತವನ್ನು ಜಾಲತಾಣಕ್ಕೆ ಏರಿಸಿದರೆ ಹುಡುಕುವ ಯಂತ್ರಕ್ಕೆ ಅದು ಕನ್ನಡ ಎಂದೇ ತಿಳಿಯುವುದಿಲ್ಲ. ಯೂನಿಕೋಡ್ ಬಂದ ಮೇಲೆ ಪ್ರತಿ ಕನ್ನಡ ಅಕ್ಷರಕ್ಕೂ ಪ್ರಪಂಚವೆಲ್ಲ ಒಪ್ಪಿದ ಒಂದೊಂದು ಸಂಖ್ಯೆ ಸಿಕ್ಕಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಹಾಗಿದ್ದೂ ಹಳೆಯ ಶೈಲಿಯಲ್ಲಿ ಟೈಪು ಮಾಡಿದ ಕಡತಗಳು ಎಷ್ಟೋ ಕಡೆ ಹಾಗೇ ಕೂತಿವೆ. ಅವನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳಿವೆ. ಕೂತು ಮಾಡುವವರು ಬೇಕು ಅಷ್ಟೇ.

ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದಾರಲ್ಲ ಎನ್ನಬೇಡಿ. ಸ್ಕ್ಯಾನ್ ಮಾಡಿದ ಪುಟ ಒಂದು ಚಿತ್ರ. ಅದರೊಳಗಿನ ಅಕ್ಷರವನ್ನು ಯಂತ್ರ ಓದಿ ಪಠ್ಯ ಮಾಡಬೇಕು. ಇಂಗ್ಲಿಷಿಗೆ ಹೊಂದಿಸಿದ ಯಂತ್ರದ ಮುಂದೆ ರೈಸ್ ಪುಸ್ತಕ ಇಟ್ಟರೆ ಇಂಗ್ಲಿಷ್ ಅನುವಾದ ಚೆನ್ನಾಗಿ ಓದುತ್ತದೆ, ಕನ್ನಡ ಮೂಲವನ್ನು ಗೊಬ್ಬರ ಮಾಡುತ್ತದೆ. ಕನ್ನಡ ಓದುವ ಯಂತ್ರಗಳು ಈಗ ಸಾಕಷ್ಟು ಪಳಗಿವೆ. ಆದರೂ ಶಾಸನದ ಱ, ೞ ಕಂಡರೆ ತಡವರಿಸುತ್ತವೆ. ಶಾಸನದಲ್ಲಿ 'ಮೞೆ' ಎಂದಿದ್ದರೆ 'ಮಳೆ' ಎಂದು ಹುಡುಕುವವನಿಗೆ ಅದು ಸಿಗಬೇಕಲ್ಲವೇ?

ನಮ್ಮ ನುಡಿಯ ಸ್ವಭಾವ ಬೇರೆ ಇದೆ. ಶ್ರೀರಂಗಪಟ್ಟಣದಲ್ಲಿ, ಶ್ರೀರಂಗಪಟ್ಟಣಕ್ಕೆ, ಶ್ರೀರಂಗಪಟ್ಟಣದಿಂದ... ವಿಭಕ್ತಿ ಅಂಟಿಕೊಂಡೇ ಬರುತ್ತದೆ. ಇಂಗ್ಲಿಷಿನಲ್ಲಿ ಊರಿನ ಹೆಸರು ಬಿಡಿಯಾಗಿ ನಿಲ್ಲುತ್ತದೆ, ನಮ್ಮಲ್ಲಿ ನಿಲ್ಲುವುದಿಲ್ಲ. ಬಾಲ ಬಿಡಿಸಿ ಮೂಲಪದ ಹಿಡಿಯುವ ಹಾಗೆ ಹುಡುಕುವ ಯಂತ್ರಕ್ಕೆ ಕಲಿಸಬೇಕು. ೧೭೯೯ ಎಂದು ಕನ್ನಡ ಅಂಕಿಯಲ್ಲಿ ಬರೆದವನಿಗೂ 1799 ಎಂದು ಬರೆದವನಿಗೂ ಒಂದೇ ಉತ್ತರ ಸಿಗಬೇಕು. ಇದನ್ನು ಕನ್ನಡ ಬಲ್ಲ ಇಂಜಿನಿಯರ್ ಮಾಡಬಲ್ಲ. ಬೆಂಗಳೂರಿನಲ್ಲಿ ಇಂಜಿನಿಯರಿಗೆ ಬರವೇ?

ಐದೂ ಚಿಲ್ಲರೆ ಲಕ್ಷ ಜನರ ನುಡಿ

ಆಗದು ಎನ್ನುವವರಿಗೆ ಒಂದು ಉದಾಹರಣೆ. ಬ್ರಿಟನ್ನಿನಲ್ಲೇ ವೇಲ್ಸ್ ಎಂಬ ನಾಡಿದೆ. 2021ರ ಜನಗಣತಿಯಲ್ಲಿ ಅಲ್ಲಿ ವೆಲ್ಶ್ ನುಡಿ ಬಲ್ಲವರು ಸುಮಾರು 5 ಲಕ್ಷ 38 ಸಾವಿರ. ನಮ್ಮ ಮಂಡ್ಯ ಜಿಲ್ಲೆಯೊಂದರ ಜನಸಂಖ್ಯೆಯೇ 2011ರಲ್ಲಿ 18 ಲಕ್ಷ ದಾಟಿತ್ತು! ಆ ಐದೂ ಚಿಲ್ಲರೆ ಲಕ್ಷ ಜನ ತಮ್ಮ ನುಡಿಗೆ 2011ರಲ್ಲಿ ಕಾನೂನಿನ ಬಲ ಪಡೆದುಕೊಂಡರು. ವೇಲ್ಸಿನ ರಾಷ್ಟ್ರೀಯ ಮ್ಯೂಸಿಯಂನ ಜಾಲತಾಣ ವೆಲ್ಶ್ ಮತ್ತು ಇಂಗ್ಲಿಷ್ ಎರಡರಲ್ಲೂ ನಡೆಯುತ್ತದೆ. ಅಂದಹಾಗೆ ಟಿಪ್ಪುವಿನ ಡೇರೆ ಇರುವುದೂ ವೇಲ್ಸಿನಲ್ಲೇ, ಪೊವಿಸ್ ಕೋಟೆಯಲ್ಲಿ. ಅಲ್ಲಿನ ಹುಡುಗ ತನ್ನ ನಾಡಿನ ಮ್ಯೂಸಿಯಂ ಬಗ್ಗೆ ತನ್ನ ನುಡಿಯಲ್ಲಿ ಓದುತ್ತಾನೆ. ಡೇರೆಯ ಮೂಲ ಊರಿನ ನಾಲ್ಕೂವರೆ ಕೋಟಿ ಕನ್ನಡಿಗರು ಇಂಗ್ಲಿಷಿನಲ್ಲಿ ಹುಡುಕಬೇಕು.

ನಮ್ಮ ಸರ್ಕಾರಗಳು ಏನೂ ಮಾಡಿಲ್ಲ ಎಂದಲ್ಲ. ಪುಣೆಯ ಸಿ-ಡ್ಯಾಕ್ ಮ್ಯೂಸಿಯಂಗಳಿಗಾಗಿ ಒಂದು ತಂತ್ರಾಂಶ ಮಾಡಿತು, ಅದರ ಹೆಸರು 'ಜತನ್'. ಜತನ ಮಾಡಪ್ಪ ಎಂದು ನಮ್ಮ ಅಜ್ಜಿಯರು ಹೇಳುವ ಅದೇ ಮಾತು. ಅದರ ಮೂಲಕ ದೇಶದ ಹತ್ತು ಮ್ಯೂಸಿಯಂಗಳ ಸಂಗ್ರಹ ಒಂದೇ ರಾಷ್ಟ್ರೀಯ ಜಾಲತಾಣಕ್ಕೆ ಮೊದಲು ಬಂತು. ಆ ಹತ್ತರಲ್ಲಿ ಕರ್ನಾಟಕದಿಂದ ಇದ್ದದ್ದು ಒಂದೇ, ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. 1784ರ ದರಿಯಾ ದೌಲತ್ ಅರಮನೆಯಲ್ಲಿರುವ ಶ್ರೀರಂಗಪಟ್ಟಣದ ಮ್ಯೂಸಿಯಂ ಆ ಹತ್ತರಲ್ಲಿ ಇರಲಿಲ್ಲ. ಅದೂ ಕೇಂದ್ರ ಪುರಾತತ್ವ ಇಲಾಖೆಯದೇ! ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇರುವ ಮನೆ ಅದು. ಆನೆ, ಕುದುರೆ, ಪಲ್ಲಕ್ಕಿಯೊಳಗಿನ ಇಂಗ್ಲಿಷ್ ದಳಪತಿ, ಅವನ ಸುತ್ತ ಕಂಗಾಲಾದ ಸೈನ್ಯ. ಒಂದೊಂದು ಆಕೃತಿಗೂ ಕನ್ನಡದಲ್ಲಿ ಹೆಸರು ಬರೆದು ಜಾಲತಾಣಕ್ಕೆ ಇಟ್ಟರೆ ಮೇಷ್ಟರು ಕೆ.ಆರ್. ಪೇಟೆಯ ಶಾಲೆಯಲ್ಲಿ ಕೂತೇ ಪಾಠ ಮಾಡಬಹುದು.

ಎಲ್ಲವನ್ನೂ ಒಂದೇ ಕಡೆ ಇಟ್ಟು ನಂಬಿ ಕೂರುವುದೂ ಅಪಾಯ. ಟಿಪ್ಪುವಿನ ಪುಸ್ತಕ ಭಂಡಾರದಲ್ಲಿ ಸುಮಾರು 2000 ಸಂಪುಟಗಳಿದ್ದವು. ಚಾರ್ಲ್ಸ್ ಸ್ಟೀವರ್ಟ್ ಎಂಬಾತ ಅದರ ಪಟ್ಟಿಯನ್ನು 1809ರಲ್ಲೇ ಅಚ್ಚು ಹಾಕಿಸಿದ. ಟಿಪ್ಪು ತನ್ನ ಕನಸುಗಳನ್ನು ಪಾರಸಿಯಲ್ಲಿ ಬರೆದಿಟ್ಟ ಪುಸ್ತಕವೂ ಸೇರಿ ಅದರಲ್ಲಿ ಬಹಳಷ್ಟು ಇಂದು ಬ್ರಿಟಿಷ್ ಲೈಬ್ರರಿಯಲ್ಲಿದೆ. 2023ರ ಅಕ್ಟೋಬರಿನಲ್ಲಿ ಕಳ್ಳರು ಆ ಲೈಬ್ರರಿಯ ಕಂಪ್ಯೂಟರುಗಳಿಗೆ ನುಗ್ಗಿ ಬೀಗ ಜಡಿದರು. ಮರುವರ್ಷ ಜನವರಿಯವರೆಗೆ ಅದರ ಪುಸ್ತಕಪಟ್ಟಿಯೇ ಜನರಿಗೆ ಸಿಗಲಿಲ್ಲ. ಸ್ಟೀವರ್ಟನ ಅಚ್ಚಾದ ಪಟ್ಟಿಗೆ ಮಾತ್ರ ಯಾರೂ ಬೀಗ ಹಾಕಲಾಗಲಿಲ್ಲ!

ಇನ್ನು ನಿಮ್ಮ ಕೆಲಸ

ಹುಲಿ ವಾಪಸ್ ಬರಬೇಕು ಎಂಬ ಕೂಗಿದೆ. ಕೂಗಲಿ, ನಾನೂ ಕೂಗುತ್ತೇನೆ. 2023ರ ಮೇ ತಿಂಗಳಲ್ಲಿ ಟಿಪ್ಪುವಿನ ಖಡ್ಗವೊಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಆ ದುಡ್ಡು ನಮ್ಮ ಜೇಬಿನಲ್ಲಿಲ್ಲ. ಆದರೆ ಹೆಸರು ಬರೆಯಲು ದುಡ್ಡು ಬೇಡ.

ವಿಕಿಡೇಟಾ ಎಂಬ ಮುಕ್ತ ಭಂಡಾರವಿದೆ. ಅಲ್ಲಿ ಒಂದು ವಸ್ತುವಿಗೆ ಒಂದು ಸಂಖ್ಯೆ, ಅದರ ಕೆಳಗೆ ಎಷ್ಟು ಭಾಷೆಯ ಹೆಸರು ಬೇಕಾದರೂ ಸೇರಿಸಬಹುದು. ಅಡ್ಡಹೆಸರುಗಳಿಗೂ ಜಾಗವಿದೆ. ಹಿರೋಡೆ, ಫ್ರೆಂಚ್ ರಾಕ್ಸ್, ಅತ್ತಿಕುಪ್ಪೆ, ಪಟನ್ ಎಲ್ಲವೂ ಅಲ್ಲಿ ಸೇರಲಿ. ಯಾರ ಅಪ್ಪಣೆಯೂ ಬೇಡ. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ, ಕೈಜೋಡಿಸಿ. ಕಿಕ್ಕೇರಿಯ ಬ್ರಹ್ಮೇಶ್ವರ, ಹೊಸಹೊಳಲಿನ ಲಕ್ಷ್ಮೀನಾರಾಯಣ, ಕಂಬದಹಳ್ಳಿಯ ಬಸದಿ, ತೊಣ್ಣೂರಿನ ಕೆರೆ, ಮೇಲುಕೋಟೆಯ ಸಂಸ್ಕೃತ ಸಂಶೋಧನಾ ಸಂಸತ್ತಿನ ಓಲೆಗರಿಗಳು. ಒಬ್ಬೊಬ್ಬರು ಒಂದೊಂದನ್ನು ಹಿಡಿದುಕೊಳ್ಳಿ.

ಮ್ಯೂಸಿಯಂಗಳಿಗೆ ಪತ್ರ ಬರೆಯಿರಿ. ಬಯ್ಗುಳದ ಪತ್ರ ಬೇಡ, ಕೆಲಸದ ಪತ್ರ ಬೇಕು. ಇಂಥ ಸಂಖ್ಯೆಯ ವಸ್ತುವಿನ ದಾಖಲೆಯಲ್ಲಿ ಊರಿನ ಹೆಸರು ಹೀಗಿದೆ, ಇಂದಿನ ಹೆಸರು ಇದು, ಕನ್ನಡದಲ್ಲಿ ಬರೆಯುವುದು ಹೀಗೆ, ಸೇರಿಸಿಕೊಳ್ಳಿ, ಎಂದು. ತಿದ್ದುಪಡಿ ಕಳಿಸಿದರೆ ನೋಡುವ ಮ್ಯೂಸಿಯಂಗಳು ಇವೆ. ನಮ್ಮ ರಾಜ್ಯದ ಪುರಾತತ್ವ ಇಲಾಖೆಗೂ ಬರೆಯಿರಿ. ಜಾಲತಾಣಕ್ಕೆ ಏರಿಸುವ ಪ್ರತಿ ದಾಖಲೆಯೂ ಮೊದಲು ಯೂನಿಕೋಡ್ ಕನ್ನಡದಲ್ಲಿ ಇರಲಿ, ಇಂಗ್ಲಿಷ್ ಅದರ ಪಕ್ಕದಲ್ಲಿ ಬರಲಿ ಎಂದು ಕೇಳಿ. ಒಮ್ಮೆ ಕೇಳಿ ಸುಮ್ಮನಾಗಬೇಡಿ.

ಕಲ್ಲು ನೋಡಲು ಊರಿಗೆ ಹೋಗುವವರಿಗೆ ಒಂದೆರಡು ಮಾತು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಅಕ್ಷರ ಉಳಿಸುತ್ತಿದ್ದಾರೆ, ಅವರ ಕೆಲಸದ ರೀತಿ ನೋಡಿ ಕಲಿಯಿರಿ. ಊರಿನ ಹಿರಿಯರನ್ನು ಕೇಳಿಯೇ ಕಲ್ಲು ಮುಟ್ಟಿ. ಅಕ್ಷರ ಕಾಣಲಿ ಎಂದು ಸುಣ್ಣ, ಬಣ್ಣ, ಎಣ್ಣೆ ಬಳಿಯಬೇಡಿ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ, ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಕಲ್ಲು ಯಾರ ಜಮೀನಿನ ಯಾವ ಮೂಲೆಯಲ್ಲಿದೆ, ಊರವರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಅವರ ಬಾಯಿಮಾತಿನಲ್ಲೇ ಬರೆದುಕೊಳ್ಳಿ. ಮನೆಗೆ ಬಂದ ದಿನವೇ ಯೂನಿಕೋಡಿನಲ್ಲಿ ಟೈಪು ಮಾಡಿ. ಒಂದು ಪ್ರತಿಯನ್ನು ಆ ಊರಿನ ಶಾಲೆಗೆ ಕೊಟ್ಟುಬನ್ನಿ.